ಸಂದಿಯ ಮೇಲೆ ಸಂದಿ

ಜಾಲಿಗಂಟಿಗಳಿಗೆ ಹತ್ತಿ ಸಿಕ್ಕಿಕೊಂಡಿದೆ, ಇಲ್ಲೊಂದು ಎಳೆ, ಅಲ್ಲೊಂದು ಹಿಡಿ, ಮೈತುಂಬಾ ಹೇರಿಕೊಂಡು ಹೋದ ಟೆಂಪೋಗಳು ರಸ್ತೆಯುದ್ದಕ್ಕೂ ಮುಳ್ಳಿಗೆ ಪಾಲು ಕೊಡುತ್ತಾ ಹೋಗಿವೆ, ಬೆಳಕು ಇನ್ನೂ ಓರೆಯಾಗಿದೆ, ಎಂಟೂವರೆ, ನಿಲ್ಲಿಸಿದರೆ ಒಂದು ಒಳ್ಳೆಯ ಚಿತ್ರವಾದೀತು — ಬೇಡ, ಇವತ್ತು ಫೋಟೋ ತೆಗೆಯುವುದಕ್ಕೆ ಹೊರಟಿಲ್ಲ, ಕೊಡುವುದಕ್ಕೆ ಹೊರಟಿದ್ದೇನೆ, ಕ್ಯಾಮೆರಾ ಮನೆಯಲ್ಲೇ ಬಿಟ್ಟಿದ್ದೇನೆ, ಭಾನುವಾರದ ದಿನ ಕೊರಳಿಗೆ ಅದರ ಭಾರವಿಲ್ಲದೆ ಶಹಾಪುರ ದಾಟಿದ್ದು ಎಷ್ಟು ವರ್ಷದ ಮೇಲೋ. ಸ್ಕೂಟಿಯ ಮುಂದೆ, ಎರಡು ಕಾಲಿನ ನಡುವೆ ನಿಲ್ಲಿಸಿದ ಚೌಕಟ್ಟು ತಗ್ಗು ಬಂದಾಗಲೆಲ್ಲ ಮೊಣಕಾಲಿಗೆ ಬಡಿಯುತ್ತಿದೆ, ಹಳೆ ಚಾದರದಲ್ಲಿ ಸುತ್ತಿದ್ದೇನೆ, ಗಾಜು ಒಡೆದರೆ? ಒಡೆದರೆ ಒಳ್ಳೆಯದೇ, ದಾರಿಯಲ್ಲಿ ಒಡೆಯಿತು ಅನ್ನಬಹುದು, ಆದರೆ ಗಾಜು ತಾನೇ ಒಡೆಯುವುದು, ಚಿತ್ರ ಒಡೆಯುವುದಿಲ್ಲವಲ್ಲ. ಚೌಕಟ್ಟಿನ ಬೆನ್ನಿಗೆ ಚೀಟಿ ಇನ್ನೂ ಅಂಟಿಕೊಂಡಿದೆ, ಕರೋಡಗಿರಿ ನಾಕಾ, ಸುರಪುರ, ಎರಡನೇ ಬಹುಮಾನ, ಛಾಯಾಗ್ರಾಹಕಿ ಯಶೋಧರಾ ಮರಿಲಿಂಗಪ್ಪ, ವಿಜ್ಞಾನ ಶಿಕ್ಷಕಿ, ಶಹಾಪುರ. ಚೀಲದ ಮುಂದಿನ ಜೇಬಿನಲ್ಲಿ ಇನ್ನೊಂದು ಫೋಟೋ ಇದೆ, ಕಂದು ಲಕೋಟೆಯಲ್ಲಿ. ಎರಡರಲ್ಲಿ ಒಂದನ್ನು ಪರಮಣ್ಣ ಮುತ್ಯಾನ ಕೈಗೆ ಕೊಡಬೇಕು, ಅವನ ಹೆಂಡತಿ ಯಂಕಮ್ಮ ತೀರಿಕೊಂಡು ಇವತ್ತಿಗೆ ಹನ್ನೊಂದು ದಿನ, ಎಡೆ ಇಡುವುದಕ್ಕೆ ಅವಳ ಫೋಟೋ ಬೇಕು, ಊಟದ ಹೊತ್ತಿನೊಳಗೆ ಬೇಕು. ಒಂದರಲ್ಲಿ ಯಂಕಮ್ಮ ಇಲ್ಲ. ಇನ್ನೊಂದರಲ್ಲಿ ಇರುವವಳು ಯಂಕಮ್ಮ ಅಲ್ಲ. ಸುರಪುರ ಮುಟ್ಟುವುದಕ್ಕೆ ಇನ್ನು ಇಪ್ಪತ್ತು ಕಿಲೋಮೀಟರ್ ಇದೆ.

ಕನ್ನಡಿಯಲ್ಲಿ ಶಹಾಪುರದ ಬೆಟ್ಟ, ಮಲಗಿದ ಬುದ್ಧ, ಎಡ ಬಲ ಅದಲುಬದಲಾಗಿ ಮಲಗಿದ್ದಾನೆ, ಕನ್ನಡಿಯಲ್ಲಿ ಹಾಗೇ, ಎಂಟನೇ ತರಗತಿಯ ಬೆಳಕಿನ ಪಾಠ, ಮಕ್ಕಳೇ ಹೇಳಿ ನೋಡೋಣ, ಬೆಳಕು ಹೇಗೆ ಚಲಿಸುತ್ತದೆ, ನೇರ ರೇಖೆಯಲ್ಲಿ ಟೀಚರ್. ಅಪ್ಪ ಪ್ರತಿದಿನ ಬೆಳಿಗ್ಗೆ ಅಂಗಳದಲ್ಲಿ ನಿಂತು ಆ ಬೆಟ್ಟಕ್ಕೆ ಕೈಮುಗಿಯುತ್ತಾನೆ, ನಾನು ಅದನ್ನು ಇನ್ನೂರು ಸಲವಾದರೂ ತೆಗೆದಿದ್ದೇನೆ, ಒಂದರಲ್ಲೂ ಅಪ್ಪ ಇಲ್ಲ. ಜರಾ ಸರಿ ಅಪ್ಪಾ ಅಂದಿರುತ್ತೇನೆ, ಅವನು ಸರಿದಿರುತ್ತಾನೆ. ವಾರದ ಐದೂವರೆ ದಿನ ಅರವತ್ತು ಮುಖ ಎದುರಿಗೆ ಕೂತಿರುತ್ತವೆ, ಮೂಗು ಸುರಿಯುವವು, ಆಕಳಿಸುವವು, ಭಾನುವಾರವಾದರೂ ಮುಖ ಇಲ್ಲದ ಕಡೆ ಹೋಗೋಣ ಎಂದು ಶುರುವಾದ ಹವ್ಯಾಸ, ಹತ್ತಿಕುಣಿ ಜಲಾಶಯದ ಮೇಲಿನ ಖಾಲಿ ಬಂಗಲೆ, ಯಾದಗಿರಿಯಲ್ಲಿ ಛಾವಣಿ ಬಿದ್ದ ಟಾಕೀಸು, ಅದರೊಳಗೆ ಕುರ್ಚಿಯ ಸಾಲುಗಳ ನಡುವೆ ಎಕ್ಕದ ಗಿಡ, ಕೆಂಭಾವಿ ಸಂತೆಯ ಹಿಂದಿನ ಮುಚ್ಚಿದ ಗಿರಣಿ. ಪಾಳು ಕಟ್ಟಡ ಎಂದು ಹೋದರೆ ಅಲ್ಲಿ ಯಾರಾದರೂ ಇದ್ದೇ ಇರುತ್ತಾರೆ ಅನ್ನುವುದು ಮೊದಲ ತಿಂಗಳಲ್ಲೇ ಗೊತ್ತಾಯಿತು, ಆಡು ಕಟ್ಟಿದವರು, ಸೆಗಣಿ ತಟ್ಟುವವರು, ಇಸ್ಪೀಟಿನವರು, ನೆರಳಿಗೆ ಮಲಗಿದವರು. ಎಲ್ಲರಿಗೂ ನನ್ನದು ಒಂದೇ ಮಾತು, ಜರಾ ಸರೀರಿ. ಟೀಚರ್ ಎಂದು ಯಾರೋ ಗುರುತು ಹಿಡಿದುಬಿಡುತ್ತಾರೆ, ಸರಿಯುತ್ತಾರೆ, ಹಾವು ಅದಾವ್ರಿ ಟೀಚರಮ್ಮಾ ಒಳಗ ಹೋಗಬ್ಯಾಡ್ರಿ ಅನ್ನುತ್ತಾರೆ, ನಾನು ಹೂಂ ಅಂದು ಒಳಗೆ ಹೋಗುತ್ತೇನೆ. ನಮ್ಮ ಫೋಟೋ ಗುಂಪಿನ ನಿಯಮವೂ ಅದೇ, ಚಿತ್ರದಲ್ಲಿ ಜನ ಇರಬಾರದು, ಜನ ಬಂದರೆ ಅದು ಪಾಳು ಹೇಗಾದೀತು. ನನಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ, ಈಗಲೂ ನಿಯಮದಲ್ಲಿ ತಪ್ಪು ಕಾಣುವುದಿಲ್ಲ, ನಿಯಮ ನನ್ನ ಬೆರಳು ಹಿಡಿದು ತಿಕ್ಕಿಸಲಿಲ್ಲ.

ಕಾಲುವೆ ಬಂತು, ನೀರು ಬಿಟ್ಟಿದ್ದಾರೆ, ಎರಡೂ ಕಡೆ ಭತ್ತ, ತಂಪು ಗಾಳಿ ಸೀದಾ ಕಿವಿಗೆ. ಅವತ್ತೂ ಹೀಗೇ ತಂಪಿತ್ತು, ದೀಪಾವಳಿ ಮುಗಿದ ಮೇಲಿನ ಭಾನುವಾರ, ಸುರಪುರ ದಾಟಿ ಕೆಂಭಾವಿ ರಸ್ತೆಯಲ್ಲಿ ಎರಡು ಮೈಲು, ಬೇವಿನ ಮರಗಳ ಹಿಂದೆ ನಾಕಾ. ನಿಜಾಮನ ಕಾಲದಲ್ಲಿ ಬಂಡಿ ನಿಲ್ಲಿಸಿ ಸರಕಿನ ಸುಂಕ ಇಸಿದುಕೊಳ್ಳುತ್ತಿದ್ದ ಕಟ್ಟಡವಂತೆ, ಆಮೇಲೆ ಡಾಂಬರಿನ ಪೀಪಾಯಿ ಇಡುವ ಗೋದಾಮಾಯಿತು, ಪರಮಣ್ಣ ಅದರ ಕಾವಲುಗಾರ, ಆಮೇಲೆ ಪೀಪಾಯಿಗಳೂ ಹೋದವು, ಕಾವಲುಗಾರ ಮಾತ್ರ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಹೆಂಡತಿ, ಮಗ, ಸೊಸೆಯ ಜೊತೆ ಉಳಿದ. ನಾಕಾದ ಬಾಗಿಲ ಬಲಕ್ಕೆ ಗೋಡೆಗೆ ಹತ್ತಿಕೊಂಡು ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಒಬ್ಬ ಮುದುಕಿ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು, ಜರಾ ಸರೀತಿಯೇನು ಆಯಿ ಅಂದೆ. ಅವಳು ಸರಿಯಲಿಲ್ಲ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು, ನೀ ಏನ ಯವ್ವಾ ಬರೇ ಮುರಕ ಮನೀನ ಫೋಟೋ ತೆಗೆಯಾಕಿ ಅಂದಳು, ಹೌದು ಆಯಿ ಅಂದೆ, ಹಂಗಾದ್ರ ನಂದೂ ಒಂದು ತೆಗಿ, ನಾ ಏನ ಕಮ್ಮಿ ಮುರದೀನಿ, ಎಂದು ತಾನೇ ನಕ್ಕಳು, ನಕ್ಕಾಗ ಮುಂದಿನ ಎರಡು ಹಲ್ಲು ಇರಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಡಿ, ಸೀರಿ ಬದಲು ಮಾಡಿ ಬರ್ತೀನಿ ಎಂದು ಎದ್ದು ಹೋದಳು. ಹಿಂದೆ ಗೋಡೆಯ ಮೇಲೆ, ಕೂತರೆ ತಲೆ ಎಲ್ಲಿ ಬರುತ್ತದೋ ಅಲ್ಲಿ, ಎಣ್ಣೆಯ ಕಲೆ, ಬೋಗುಣಿಯಷ್ಟು ಅಗಲ, ನಲವತ್ತು ವರ್ಷ ಒಂದೇ ತಲೆ ಒರಗಿದ ಕಲೆ. ಸೊಸೆ ಕಲ್ಪನಾ ಒಳಗಿಂದ ಬಂದು ಬೆರಗಾದಳು, ನಾ ಫೋನ್ ಎತ್ತಿದ್ರ ಸಾಕು ಮಾರಿ ಮುಚ್ಕೋತಾಳ್ರಿ ನಮ್ಮತ್ತಿ, ನನ್ನ ಫೋನಿನ್ಯಾಗ ಬರೇ ಸೆರಗ ಅದಾವ್ರಿ, ಫೋಟೋ ತೆಗೆಸಿಕೊಂಡ್ರ ಆಯುಷ್ಯ ಕಡಿಮಿ ಆಗತದ ಅಂತಾಳ, ಇವತ್ತೇನ ಬಂತೋ.

ಇಳಕಲ್ ಸೀರೆ ಉಟ್ಟು ಬಂದಳು, ಮಡಿಕೆಯ ಗೆರೆ ಇನ್ನೂ ಹಾಗೇ ಇತ್ತು, ಹಣೆಯಲ್ಲಿ ಎಂಟಾಣೆಯಷ್ಟು ಕುಂಕುಮ, ಕಟ್ಟೆಯ ಮೇಲೆ ಕೂತು ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡಳು, ಬಾಯಿ ಬಿಗಿಯಾಗಿ ಮುಚ್ಚಿದಳು. ಹಲ್ಲ ಕಾಣಬಾರದು ನೋಡ, ಅಂದಳು, ಅನ್ನುವಾಗ ಹಲ್ಲಿಲ್ಲದ್ದು ಕಂಡಿತು, ಮತ್ತೆ ಮುಚ್ಚಿದಳು. ಅದೇ ಹೊತ್ತಿಗೆ ಬೇವಿನ ಮರ ದಾಟಿ ಬಿಸಿಲು ಬಂತು, ಇಡೀ ಗೋಡೆ ಎದ್ದು ನಿಂತಂತಾಯಿತು, ಒಂದೊಂದು ಕಲ್ಲಿನ ಉಳಿಯ ಏಟೂ ಕಾಣುವ ಬೆಳಕು, ಮೂರು ನಿಮಿಷ ಇದ್ದೀತು, ಎರಡು ವರ್ಷದಿಂದ ನಾನು ಹುಡುಕುತ್ತಿದ್ದ ಬೆಳಕು. ನಾನು ತೆಗೆದೆ. ಗೋಡೆಯನ್ನು ನೋಡಿ ತೆಗೆದೆ, ನಿಜ ಹೇಳಬೇಕೆಂದರೆ ಅವಳನ್ನು ನೋಡಲಿಲ್ಲ, ಕ್ಯಾಮೆರಾದೊಳಗಿನ ಹಸಿರು ಚೌಕ ತಾನಾಗಿ ಹೋಗಿ ಅವಳ ಮುಖ ಹಿಡಿದಿತ್ತು, ಅಷ್ಟೇ. ಅವಳಿಗೆ ಪರದೆಯ ಮೇಲೆ ತೋರಿಸಿದೆ, ಬಹಳ ಹೊತ್ತು ನೋಡಿದಳು, ಇದು ನಾನಾ ಅಂದಳು, ನೀನ ಆಯಿ ಅಂದೆ. ದೊಡ್ಡದು ಮಾಡಿಸಿ ಕೊಡು ಯವ್ವಾ, ಗ್ವಾಡಿಗಿ ಹಾಕೂವಂಥಾದ್ದು, ನಾಳಿ ನಾ ಹ್ವಾದ ಮ್ಯಾಲ ಇವ್ರು ಆಧಾರ್ ಕಾರ್ಡಿನ ಕರೀ ಮಾರಿಗೆ ಹಾರ ಹಾಕಬಾರದು. ಮುಂದಿನ ವಾರ ತಂದು ಕೊಡ್ತೀನಿ ಆಯಿ, ಅಂದೆ, ಕಲ್ಪನಾಳ ಫೋನಿಗೆ ನನ್ನ ನಂಬರೂ ಕೊಟ್ಟೆ. ಅಷ್ಟೊತ್ತಿಗೆ ಬಿಸಿಲು ಮೇಲೇರಿ ಗೋಡೆ ಮತ್ತೆ ಚಪ್ಪಟೆಯಾಯಿತು, ಅವಳಿಲ್ಲದ ಗೋಡೆಯನ್ನು ಆಮೇಲೆ ತೆಗೆದದ್ದು ಹದಿನಾರು, ಒಂದೂ ಚೆನ್ನಾಗಿರಲಿಲ್ಲ.

ಹತ್ತಿಗೂಡೂರು ಕ್ರಾಸು, ಬಸ್ಸಿಗೆ ಕಾಯುವವರು, ಮಂಡಕ್ಕಿಯ ಚೀಲ, ಚಹಾ ಕುಡಿಯೋಣವೇ, ಬೇಡ, ನಿಂತರೆ ಹಿಂದಕ್ಕೆ ತಿರುಗಿಬಿಡುತ್ತೇನೆ, ನನ್ನನ್ನು ನಾನು ಬಲ್ಲೆ. ಅವತ್ತು ಸಂಜೆ ಚಿತ್ರವನ್ನು ಫೋನಿಗೆ ಹಾಕಿಕೊಂಡು ಮಂಚದ ಮೇಲೆ ಕೂತಿದ್ದೆ, ಅಪ್ಪ ರೇಡಿಯೋ ಕೇಳುತ್ತಿದ್ದ, ಎಂಥ ಗೋಡೆ, ಎಂಥ ಬೆಳಕು, ನಡುವೆ ಹಸಿರು ಸೀರೆಯ ಮುದುಕಿ. ಬೆರಳಿಟ್ಟು ತಿಕ್ಕಿದೆ. ಫೋನಿನಲ್ಲಿ ಅದು ಬಹಳ ಸುಲಭ, ಬೇಡವಾದದ್ದರ ಮೇಲೆ ಬೆರಳು ಆಡಿಸಿದರೆ ಸಾಕು, ಹೋಗುತ್ತದೆ, ಅದು ಹೋದ ಜಾಗಕ್ಕೆ ಅಕ್ಕಪಕ್ಕದ್ದನ್ನೇ ನೋಡಿಕೊಂಡು ಫೋನು ತಾನೇ ಏನೋ ತುಂಬುತ್ತದೆ. ಮೊದಲು ತಲೆ ಹೋಯಿತು, ಅದರ ಜೊತೆ ಎಣ್ಣೆಯ ಕಲೆಯೂ ಹೋಯಿತು, ಅಲ್ಲಿ ಕಲ್ಲು ಬಂತು. ಎರಡನೇ ಸಲಕ್ಕೆ ಸೀರೆ, ಕೈ, ತೊಡೆ. ಮೂರನೇ ಸಲಕ್ಕೆ ಒಂದು ಚಪ್ಪಲಿ ಉಳಿದಿತ್ತು, ಅದು. ಆಮೇಲೂ ಏನೋ ಸರಿಯಿಲ್ಲ ಅನ್ನಿಸಿತು, ನೋಡಿದರೆ ಕಟ್ಟೆಯ ಮೇಲೆ ನೆರಳು, ಯಾರೂ ಇಲ್ಲದೆ ಕೂತ ನೆರಳು, ವಿಜ್ಞಾನದ ಟೀಚರಲ್ಲವೇ ನಾನು, ವಸ್ತುವಿಲ್ಲದೆ ನೆರಳು ಇರಕೂಡದು, ಅದನ್ನೂ ತಿಕ್ಕಿದೆ. ಉಳಿಸಲೇ ಎಂದು ಫೋನು ಕೇಳಿತು, ಹೂಂ ಅಂದೆ, ಹಳೆಯದರ ಮೇಲೆಯೇ ಉಳಿಸಿಕೊಂಡಿತು. ಸೋಮವಾರ ಬೆಳಿಗ್ಗೆ ಕ್ಯಾಮೆರಾದ ಕಾರ್ಡು ಖಾಲಿ ಮಾಡಿದೆ, ಪ್ರತಿ ಸೋಮವಾರ ಮಾಡುವ ಹಾಗೆ, ಮೇಷ್ಟರ ಹಲಗೆಯಂತೆ ನನ್ನ ಕಾರ್ಡೂ ಹೊಸ ವಾರಕ್ಕೆ ಸ್ವಚ್ಛವಿರಬೇಕು. ಯಂಕಮ್ಮನ ನೆನಪು ಬರಲಿಲ್ಲವೇ? ಬಂದಿತ್ತು. ಇನ್ನೊಂದು ಸಲ ಹೋದಾಗ ಒಂದು ತೆಗೆದು ಕೊಟ್ಟರಾಯಿತು ಅಂದುಕೊಂಡೆ, ಎಲ್ಲಿಗೆ ಹೋಗುತ್ತಾಳೆ, ಕಟ್ಟೆಯ ಮೇಲೆಯೇ ಇರುತ್ತಾಳೆ. ಆ ಮುಂದಿನ ವಾರ ಹತ್ತು ವಾರವಾಯಿತು, ನಾನು ಆ ರಸ್ತೆಯನ್ನೇ ಬಿಟ್ಟು ಯಾದಗಿರಿಯ ಕಡೆ ತಿರುಗಾಡಿದೆ.

ಆ ಚಿತ್ರವನ್ನೇ ಸ್ಪರ್ಧೆಗೆ ಕಳಿಸಿದ್ದೆ, ಬಹುಮಾನ ಬಂದು ಚೌಕಟ್ಟು ಮನೆಗೆ ಬಂದ ದಿನ ಅಪ್ಪ ಅದನ್ನು ಕುರ್ಚಿಯ ಮೇಲೆ ನಿಲ್ಲಿಸಿಕೊಂಡು ನೋಡಿದ. ಅಪ್ಪ ಮರಿಲಿಂಗಪ್ಪ ಗೌಂಡಿ, ಐವತ್ತು ವರ್ಷ ಕಲ್ಲು ಕೂಡಿಸಿದ ಕೈ, ಬುದ್ಧವಿಹಾರದ ಮೆಟ್ಟಿಲಿನಿಂದ ಹಿಡಿದು ನಾನು ಕಲಿತ ಶಾಲೆಯ ಕಾಂಪೌಂಡಿನವರೆಗೆ, ಅವನು ಗೋಡೆ ನೋಡುವುದು ಬೇರೆ, ನಾನು ನೋಡುವುದು ಬೇರೆ. ಈ ಗ್ವಾಡಿ ಯಾರ ಕಟ್ಯಾರವಾ ಅಂದ. ನಿಜಾಮನ ಕಾಲದ್ದಪ್ಪ. ಅಲ್ಲ, ಇಷ್ಟು ಅವ್ರ ಕಟ್ಟಿಲ್ಲ, ಎಂದು ಗಾಜಿನ ಮೇಲೆ ಬೆರಳಿಟ್ಟ, ಇಲ್ಲಿ ನೋಡು, ಸಂದಿ ಮ್ಯಾಲ ಸಂದಿ ಬಂದದ, ಅದರ ಮ್ಯಾಲ ಮತ್ತ ಸಂದಿ, ಮೂರು ವರಸಿ ಒಂದ ಗೆರಿ. ನನಗೆ ಮೊದಲು ಅರ್ಥವಾಗಲಿಲ್ಲ. ಎರಡು ಕಲ್ಲು ಕೂಡೂ ಜಾಗಾದ ಮ್ಯಾಲ ಮೂರನೇ ಕಲ್ಲು ಅಡ್ಡ ಬರಬೇಕು, ಸಂದಿ ಮುಚ್ಚಬೇಕು, ಹಂಗಿದ್ರ ಗ್ವಾಡಿ ಹಿಡಕೊಂಡು ನಿಂದರತದ, ಹಿಂಗ ನೆಟ್ಟಗ ಬಂದ್ರ ಒಂದು ಮಳಿಗಾಲಕ್ಕ ಸೀಳತದ, ನಿನ್ನೆ ಕಲ್ಲ ಹಿಡದ ಹುಡುಗನೂ ಇದನ್ನ ಮಾಡಂಗಿಲ್ಲ, ಅಂದ. ಹೌದು. ಬಾಗಿಲ ಬಲಕ್ಕೆ, ಕಟ್ಟೆಯ ಮೇಲೆ, ಮೂರು ಸಂದಿ ಒಂದೇ ಗೆರೆಯಲ್ಲಿ ನೆಟ್ಟಗೆ ಇಳಿದಿದ್ದವು, ನೋಡಿದ ಮೇಲೆ ಅದೊಂದೇ ಕಾಣತೊಡಗಿತು, ಬಹುಮಾನ ಕೊಟ್ಟವರಿಗೆ ಕಂಡಿರಲಿಲ್ಲ, ನನಗೂ ಕಂಡಿರಲಿಲ್ಲ. ಅಪ್ಪ ಬೆರಳು ತೆಗೆಯಲಿಲ್ಲ, ಇಲ್ಲಿ ಯಾರ ಕುಂತಿದ್ರು ಅಂದ. ಯಾರೂ ಇಲ್ಲಪ್ಪ ಅಂದೆ. ಅಪ್ಪ ಹೂಂ ಅಂದ, ಬೆರಳು ಒರೆಸಿಕೊಂಡ, ಊಟಕ್ಕೆ ಎದ್ದ. ನಲವತ್ತೊಂದು ವರ್ಷದ ಟೀಚರು ಅಪ್ಪನ ಮುಂದೆ ಸುಳ್ಳು ಹೇಳಿದೆ, ನಾಚಿಕೆಯಾಯಿತು, ಆ ನಾಚಿಕೆಯನ್ನೂ ಬದಿಗಿಟ್ಟು ಚೌಕಟ್ಟನ್ನು ಗೋಡೆಗೆ ತೂಗುಹಾಕಿದೆ.

ಫೋನು ಬಂದದ್ದು ಮಂಗಳವಾರ, ಏಳನೇ ತರಗತಿಯಲ್ಲಿದ್ದೆ, ಹೊರಗೆ ಬಂದು ಹಲೋ ಅಂದೆ, ಟೀಚರ್ರ, ನಾ ಪರಮಣ್ಣ ಮಾತಾಡಾಕತ್ತೇನ್ರಿ, ನಾಕಾದಾಂವ, ಯಂಕಮ್ಮ ತೀರಿಕೊಂಡ್ಲರಿ, ಎರಡು ದಿನ ಜ್ವರ ಬಂದಿತ್ತು ಅಷ್ಟ, ಐತವಾರ ಹನ್ನೊಂದನೇ ದಿನ ಅದರಿ, ಎಡಿ ಇಡಬೇಕು, ಫೋಟೋ ಬೇಕಾಗ್ಯಾದ, ನಿಮ್ಮ ಹತ್ರ ಅದ ಅಂತ ಹೇಳಿ ಹೋಗ್ಯಾಳ್ರಿ. ಹೇಳಿ ಹೋಗಿದ್ದಾಳೆ. ಕಿಟಕಿಯಿಂದ ಮಕ್ಕಳು ನೋಡುತ್ತಿದ್ದರು, ತರ್ತೀನಿ ಮುತ್ಯಾ ಅಂದುಬಿಟ್ಟೆ, ಇಲ್ಲ ಅನ್ನುವ ಪದ ಆ ಹೊತ್ತಿಗೆ ಬರಲಿಲ್ಲ. ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರು ಸುನೀಲಕುಮಾರನಿಗೆ ಕ್ಯಾಮೆರಾದ ಕಾರ್ಡು ಕೊಟ್ಟೆ, ಅಳಿಸಿದ್ದನ್ನು ಹುಡುಕಿ ತೆಗೆಯುತ್ತಾರಲ್ಲ, ಎರಡು ದಿನ ಹುಡುಕಿದ, ಸಿಕ್ಕದ್ದು ಅರ್ಧ ಬಾಗಿಲು, ಒಂದು ಆಡಿನ ಹಿಂಗಾಲು. ಅದಕ್ಯಾಕ ಚಿಂತಿ ಮಾಡ್ತೀರಿ ಮೇಡಂ ಅಂದ, ಆಧಾರ್ ಕಾರ್ಡಿನ ಫೋಟೋ ತರಿಸ್ರಿ, ಎಐನ್ಯಾಗ ಹಾಕಿ ಸೀರಿ ಉಡಿಸಿ ಕೂಡಿಸಿ ಕೊಡ್ತೀನಿ, ಅವ್ರಿಗೆ ಗೊತ್ತರ ಆಗತದೇನು. ಕಲ್ಪನಾ ಕಾರ್ಡಿನ ಫೋಟೋ ಕಳಿಸಿದಳು, ಅದರಲ್ಲಿ ಕಣ್ಣೂ ಮೂಗೂ ಬಿಟ್ಟರೆ ಉಳಿದದ್ದೆಲ್ಲ ಮಸಿ, ಸುನೀಲಕುಮಾರ ಅರ್ಧ ಗಂಟೆಯಲ್ಲಿ ಒಬ್ಬಳನ್ನು ಮಾಡಿಕೊಟ್ಟ. ಹಸಿರು ಸೀರೆ, ಕೈ ತೊಡೆಯ ಮೇಲೆ, ಕೆನ್ನೆ ನುಣ್ಣಗೆ, ಬಾಯಿ ತುಂಬಾ ನಗು, ನಗುವಿನಲ್ಲಿ ಹಲ್ಲುಗಳ ಪೂರ್ತಿ ಸಾಲು, ಒಂದೂ ಕಮ್ಮಿಯಿಲ್ಲ. ಬಾಯಿ ಮುಚ್ಚಲಿಕ್ಕೆ ಬರ್ತದೇನು ಸುನೀಲ ಅಂದೆ, ನೋಡ್ತೀನ್ರಿ ಎಂದು ಮತ್ತೆ ನಾಲ್ಕು ಮಾಡಿದ, ಬಾಯಿ ಮುಚ್ಚಿದವಳು ಬೇರೆ ಯಾರೋ ಆಗುತ್ತಿದ್ದಳು, ನಗುವವಳೇ ವಾಸಿ ಅಂದ. ಅದೇ ಲಕೋಟೆಯಲ್ಲಿರುವುದು. ಮಗನಿಗೆ, ಸೊಸೆಗೆ ಸಮಾಧಾನವಾದೀತು, ಯಾರಿಗೂ ನೋವಿಲ್ಲ, ನನಗೆ ಅವಮಾನವಿಲ್ಲ, ನಾನು ಸೋಮವಾರ ಹಾಜರಿ ಕರೆಯಬಹುದು. ಹಾಗಾದರೆ ಚೌಕಟ್ಟನ್ನು ಯಾಕೆ ತಂದೆ? ಬೆಳಿಗ್ಗೆ ಅದನ್ನು ಗೋಡೆಯಿಂದ ಇಳಿಸಿ ಚಾದರದಲ್ಲಿ ಸುತ್ತುವಾಗ ಅಪ್ಪ ಬಾಗಿಲಲ್ಲಿ ನಿಂತಿದ್ದ, ಗ್ವಾಡಿ ಒಯ್ಯಾಕತ್ತಿಯೇನು ಅಂದ, ಹೂಂ ಅಂದೆ, ಕುಂತಾಕಿ ಇದ್ಲಲ್ಲ ಅಂದ, ಪ್ರಶ್ನೆಯಂತೆ ಕೇಳಲಿಲ್ಲ, ಇದ್ಲಪ್ಪ ಅಂದೆ. ಹಂಗಾದ್ರ ಹೇಳು, ಅಂದು ಬೆಟ್ಟದ ಕಡೆ ತಿರುಗಿ ಕೈಮುಗಿದ.

ಸುರಪುರದ ಗುಡ್ಡಗಳು, ಬಂಡೆಯ ಮೇಲೆ ಬಂಡೆ, ಯಾರೂ ಕಟ್ಟಿದ್ದಲ್ಲ, ಅಲ್ಲಿಯೂ ಸಂದಿ ಹುಡುಕುತ್ತಿದ್ದೇನೆ, ಇದೊಂದು ರೋಗವಾಗಿದೆ, ಈ ಎರಡು ವಾರ ಯಾವ ಗೋಡೆ ಕಂಡರೂ ಸಂದಿಯೇ ಕಾಣುವುದು, ಸ್ಟಾಫ್ ರೂಮಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಎಲ್ಲ ಕಡೆಯೂ ಸಂದಿಯ ಮೇಲೆ ಕಲ್ಲು ಅಡ್ಡ ಬಂದಿದೆ, ಎಲ್ಲ ಕಡೆಯೂ ಸರಿಯಾಗಿದೆ, ನನ್ನದೊಂದನ್ನು ಬಿಟ್ಟು. ಬಜಾರು ದಾಟಿದೆ, ಕಚೇರಿಗಳಿಗೆ ರಜೆ, ಕೆಂಭಾವಿ ರಸ್ತೆ, ಬೇವಿನ ಮರ. ಸ್ಕೂಟಿಯನ್ನು ನಾಕಾದ ಮುಂದೆಯೇ ನಿಲ್ಲಿಸಿದೆ, ಮನೆಯ ಕಡೆಯಿಂದ ಒಗ್ಗರಣೆಯ ವಾಸನೆ, ಹೋಳಿಗೆಯ ವಾಸನೆ, ನಾಲ್ಕೈದು ಗಂಡಸರ ಮಾತು. ಕಟ್ಟೆ ಖಾಲಿ. ನಾನು ಬಯಸಿದ ಹಾಗೆಯೇ ಖಾಲಿ, ಈಗ ಯಾರಿಗೂ ಜರಾ ಸರೀರಿ ಅನ್ನಬೇಕಾಗಿಲ್ಲ. ಹತ್ತಿರ ಹೋಗಿ ನೋಡಿದೆ, ಎಣ್ಣೆಯ ಕಲೆ ಅಲ್ಲೇ ಇದೆ, ನನ್ನ ಎದೆಯ ಎತ್ತರಕ್ಕೆ, ಅದು ಬಿದ್ದಿರುವುದು ಒಂದು ಅಗಲವಾದ ಕಲ್ಲಿನ ಮೇಲೆ, ಆ ಕಲ್ಲು ಕೆಳಗಿನ ಸಂದಿಯ ಮೇಲೆ ಅಡ್ಡ ಕೂತಿದೆ, ಎಡಗಡೆಯದನ್ನೂ ಬಲಗಡೆಯದನ್ನೂ ಹಿಡಿದುಕೊಂಡು. ಈ ಕಲ್ಲನ್ನು ನಾನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ, ಅವತ್ತು ಕಂಡದ್ದು ಕಲೆ ಮಾತ್ರ. ಬೆರಳಿಟ್ಟೆ, ಜಿಡ್ಡು ಹತ್ತಿತು, ಹನ್ನೊಂದು ದಿನದ ಮೇಲೂ. ಇದನ್ನು ದುಃಖವೆಂದು ಕರೆಯಲಾರೆ, ಅವಳನ್ನು ನಾನು ಎಷ್ಟು ಬಲ್ಲೆ, ಹತ್ತು ನಿಮಿಷ, ಹೆದರಿಕೆ ಇದ್ದೀತು. ಟೀಚರ್ರ ಬಂದಾರ ಎಂದು ಕಲ್ಪನಾ ಒಳಗೆ ಕೂಗಿ ಹೇಳುತ್ತಿದ್ದಾಳೆ.

ಅಂಗಳದಲ್ಲಿ ಕುರ್ಚಿ, ಕುರ್ಚಿಯ ಮೇಲೆ ಬಿಳಿ ವಸ್ತ್ರ, ಅದರ ಮುಂದೆ ಬಾಳೆಲೆ, ಎಲೆಯ ತುಂಬಾ ಎಡೆ, ಹೋಳಿಗೆ, ಅನ್ನ, ತೊಗರಿಬೇಳೆಯ ಸಾರು, ಊದಿನಕಡ್ಡಿ ಇನ್ನೂ ಹಚ್ಚಿಲ್ಲ, ಕುರ್ಚಿ ಖಾಲಿ, ಎಲ್ಲರೂ ಕಾಯುತ್ತಿದ್ದಾರೆ, ನನಗಾಗಿ ಕಾಯುತ್ತಿದ್ದಾರೆ. ಬರ್ರಿ ಟೀಚರ್ರ ಎಂದು ಪರಮಣ್ಣ ಎದ್ದ, ಬೋಳಿಸಿದ ತಲೆ, ಹೊಸ ಪಂಚೆ, ಕೈಯಲ್ಲಿ ಸೇವಂತಿಗೆ ಹಾರ, ಹಾರವನ್ನು ಎಷ್ಟು ಹೊತ್ತಿನಿಂದ ಹಿಡಿದುಕೊಂಡಿದ್ದನೋ. ನನ್ನ ಕೈ ಚೀಲದ ಮುಂದಿನ ಜೇಬಿಗೆ ಹೋಯಿತು, ತಾನಾಗಿ ಹೋಯಿತು, ಲಕೋಟೆಯ ಅಂಚು ಬೆರಳಿಗೆ ತಾಕಿತು. ಬಾಯಿ ಮುಚ್ಯಾಳೇನ್ರಿ? ಅಂದ ಪರಮಣ್ಣ. ಅವತ್ತು ನೀವು ಹ್ವಾದ ಮ್ಯಾಲ ದಿನಾ ಅದನ್ನ ಅಂತಿದ್ಲರಿ, ಹಲ್ಲ ಬಿದ್ದದ್ದು ಕಂಡೀತೇನೋ, ಕಂಡೀತೇನೋ ಅಂತ, ಹದಿನೆಂಟು ವರ್ಷದಾಕಿ ಇದ್ದಂಗ ಮಾಡ್ತಿದ್ಲು. ಕೈ ಜೇಬಿನಿಂದ ಹೊರಗೆ ಬಂತು, ಖಾಲಿ ಬಂತು. ಚಾದರ ಬಿಚ್ಚಿದೆ, ಚೌಕಟ್ಟನ್ನು ಅವನ ಕಡೆಗೆ ತಿರುಗಿಸಿ ಹಿಡಿದೆ, ಅವನು ಕಣ್ಣು ಕಿರಿದು ಮಾಡಿದ, ಹತ್ತಿರ ಬಂದ, ಇದು ನಾಕಾ, ಅಂದ, ಯಂಕಿ ಎಲ್ಲಿ. ಹೇಳಿದೆ. ಆಯಿ ಇಲ್ಲೇ ಕುಂತಿದ್ಲು ಮುತ್ಯಾ, ನಾ ಅಳಿಸೀನಿ. ಅಳಿಸೀರಿ ಅಂದ್ರ? ಫೋನಿನ್ಯಾಗ, ಬೆರಳಿಲೆ ತಿಕ್ಕಿದ್ರ ಹೋಗತದ, ಹೋಗ್ಯಾಳ, ಮತ್ತ ಬರಂಗಿಲ್ಲ. ಕಲ್ಪನಾ ಸೀದಾ ನನ್ನ ಮುಖ ನೋಡಿ ಕೇಳಿದಳು, ಹಂಗ್ಯಾಕ ಮಾಡಿದ್ರಿ? ಗ್ವಾಡಿ ಚಂದ ಕಾಣ್ಲಿ ಅಂತ, ಅಂದೆ. ಅಂದದ್ದು ನನ್ನ ಕಿವಿಗೇ ಕೇಳಿಸಿತು, ಯಾರದೋ ಮಾತಿನಂತೆ, ಆದರೆ ನನ್ನದೇ, ತಪ್ಪಾತು ಎಂದೂ ಅಂದೆ, ಅದು ಯಾರಿಗೂ ಕೇಳಿಸಲಿಲ್ಲವೇನೋ.

ಬೈಯಲಿ ಎಂದು ಕಾದೆ, ಬೈದರೆ ನಿಂತು ಬೈಸಿಕೊಂಡು ಹೋಗಬಹುದಿತ್ತು. ಪರಮಣ್ಣ ಬೈಯಲಿಲ್ಲ. ಚೌಕಟ್ಟು ನನ್ನ ಕೈಯಿಂದ ತೆಗೆದುಕೊಂಡ, ಎರಡೂ ಕೈಯಲ್ಲಿ, ಕುರ್ಚಿಯ ಮೇಲೆ ನಿಲ್ಲಿಸಿದ, ಹಿಂದಕ್ಕೆ ಬಂದು ನೋಡಿದ, ಓರೆಯಾಗಿತ್ತು, ಮತ್ತೆ ಹೋಗಿ ನೆಟ್ಟಗೆ ಮಾಡಿದ. ಮಾವಾ, ಅದರಾಗ ಯಾರೂ ಇಲ್ಲಲ್ರಿ ಎಂದು ಕಲ್ಪನಾ ಅಂದಳು, ಗೊತ್ತದ ಸುಮ್ನಿರು ಅಂದ. ಹಾರ ಹಾಕಿದ, ಸೇವಂತಿಗೆ ನಾಕಾದ ಛಾವಣಿಯಿಂದ ಎರಡೂ ಕಡೆ ಇಳಿದು ಕಟ್ಟೆಯ ಹತ್ತಿರ ಬಂದು ಸೇರಿತು. ಕುಂಕುಮದ ಬಟ್ಟಲು ಎತ್ತಿಕೊಂಡ, ಮುತ್ತೈದೆಯಾಗಿ ಹೋದವಳು, ಕುಂಕುಮ ಗಂಡನೇ ಇಡಬೇಕು, ನಾನು ಎಲ್ಲಿ ನಿಂತಿದ್ದೆನೋ ನನಗೇ ಗೊತ್ತಿರಲಿಲ್ಲ, ಚಿತ್ರಕ್ಕೂ ಅವನಿಗೂ ನಡುವೆ ನಿಂತಿದ್ದೆ. ಜರಾ ಸರೀರಿ ಟೀಚರ್ರ, ಅಂದ. ಮೆತ್ತಗೆಯೇ ಅಂದ, ನಾನು ಎಲ್ಲರಿಗೂ ಅನ್ನುವ ಹಾಗೆ. ಸರಿದೆ. ಎಲ್ಲಿ ಇಡಬೇಕು ಎಂದು ಅವನು ನನ್ನನ್ನು ಕೇಳಲಿಲ್ಲ, ಕೇಳಿದರೆ ತೋರಿಸಬೇಕಾದೀತು ಎಂದು ನನ್ನ ಬೆರಳು ಆಗಲೇ ಎದ್ದಿತ್ತು, ಕೇಳಲೇ ಇಲ್ಲ, ಬಾಗಿಲ ಬಲಕ್ಕೆ, ಕಟ್ಟೆಯ ಮೇಲೆ, ಕೂತರೆ ಹಣೆ ಎಲ್ಲಿ ಬರುತ್ತದೋ ಅಲ್ಲಿಗೆ ಅವನ ಬೆರಳು ಸೀದಾ ಹೋಯಿತು, ಗಾಜಿನ ಮೇಲೆ ಒತ್ತಿದ, ಒತ್ತಿ ಸ್ವಲ್ಪ ಹೊತ್ತು ಹಾಗೇ ಹಿಡಿದ, ನಾನು ತಿಕ್ಕಿದ ಜಾಗವದು, ಮೊದಲ ಸಲ, ತಲೆ ಹೋದ ಜಾಗ, ಅಪ್ಪ ಬೆರಳಿಟ್ಟ ಜಾಗ — ಬೆರಳು ತೆಗೆದ. ಊದಿನಕಡ್ಡಿ ಹಚ್ಚಿದರು, ಯಾರೋ ಅತ್ತರು, ಎಲ್ಲರೂ ಬಗ್ಗಿದರು, ನಾನೂ ಬಗ್ಗಬೇಕು, ಬಗ್ಗುತ್ತೇನೆ, ಈಗ, ಸಂದಿಯ ಮೇಲೆ ಸಂದಿ, ಅದರ ಮೇಲೆ ಸಂದಿ, ನೆಟ್ಟ ಗೆರೆ, ಗೆರೆಯ ಮೇಲೆ ಅಡ್ಡ ಕೂತ ಕುಂಕುಮ, ಎಂಟಾಣೆಯಷ್ಟು, ಸಂದಿಯ ಮೇಲೆ, ಕುಂಕುಮ